ಲಾಲಮ್ಮ ಮತ್ತು ಬಂಡೆಸೀಳಿನ ಹಾವುಮೀನು

ಸುರಪುರದ ದಕ್ಷಿಣಕ್ಕೆ, ಕೃಷ್ಣೆಯ ದಂಡೆಯ ಮೇಲೆ ಅಂಬಿಗರ ಹನ್ನೆರಡು ಮನೆಗಳಿದ್ದವು. ಕೊನೆಯದು ಲಾಲಮ್ಮನದು. ಹರಿಗೋಲು ಹಾಕುತ್ತಿದ್ದ ಗಂಡ ಪಂಪಣ್ಣ ಒಂದು ಮಳೆಗಾಲ ಚಳಿಜ್ವರದಲ್ಲಿ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಉಡಿಕೆಯ ಮರುಮದುವೆಗೆ ಕೇಳಿಬಂದ ಇಬ್ಬರನ್ನು ಆಕೆ ಕುಳ್ಳಿರಿಸಿ, ನೀರು ಕೊಟ್ಟು, ಒಲ್ಲೆನೆಂದು ಕಳಿಸಿದಳು. ಆಮೇಲೆ ಯಾರೂ ಬರಲಿಲ್ಲ. ಮೈದುನ ಸೂಗಪ್ಪ ತಂದುಹಾಕಿದ ಮೀನನ್ನು ಸೀಳಿ, ಉಪ್ಪು ಸವರಿ, ಒಣಗಿಸಿ ಸಂತೆಗೆ ಹೊರುವುದೇ ಬದುಕಾಯಿತು. ಸಂತೆಯಿಲ್ಲದ ದಿನ ಬೆಳಗಿನಿಂದ ಬೈಗಿನವರೆಗೆ ಬಾಯಿ ತೆರೆಯುವ ಪ್ರಸಂಗವೇ ಇರುತ್ತಿರಲಿಲ್ಲ.

ಆಕೆ ಮೀನು ತೊಳೆಯುವ ಬಂಡೆಯ ಬುಡದಲ್ಲಿ, ಮೊಣಕಾಲುದ್ದದ ನೀರಿನಲ್ಲಿ ಒಂದು ಸೀಳಿತ್ತು. ಒಂದು ದಿನ ಅಲ್ಲಿಂದ ತಲೆಯೊಂದು ಹೊರಬಂತು. ಮೊದಲು ಹಾವೆಂದೇ ಹೆದರಿದಳು. ಆಮೇಲೆ ಕತ್ತಿನ ಎರಡೂ ಕಡೆ ಕಿವಿಯಂತಹ ಪುಟ್ಟ ರೆಕ್ಕೆ ಕಂಡು ಹಾವುಮೀನೆಂದು ತಿಳಿಯಿತು. ತೋಳಿನಷ್ಟು ದಪ್ಪ, ಮಣ್ಣುಬಣ್ಣದ ಮೈಮೇಲೆ ಕಪ್ಪು ಮಚ್ಚೆ, ಹಳದಿ ಛಾಯೆಯ ಹೊಟ್ಟೆ, ಮೇಲ್ದವಡೆಗಿಂತ ತುಸು ಮುಂಚಾಚಿದ ಕೆಳದವಡೆ. ಕತ್ತಲಾಗದೆ ಹೊರಡದ ಜೀವವದು. ಆದರೆ ಲಾಲಮ್ಮ ದಿನವೂ ಬಂಡೆಗೆ ಕಲ್ಲಿನಿಂದ ಮೂರು ಪೆಟ್ಟು ಕುಟ್ಟಿ, ಮೀನಿನ ಕರುಳು ಇಳಿಬಿಟ್ಟಳು. ಎರಡು ವರ್ಷದಲ್ಲಿ ಅದು ಸದ್ದು ಕೇಳಿದೊಡನೆ ಹಗಲಲ್ಲೇ ಮೊಳದುದ್ದ ಹೊರಬರುವಷ್ಟು ಪಳಗಿತು. ತುಣುಕು ದೊಡ್ಡದಾದರೆ ಕಚ್ಚಿಹಿಡಿದು, ಹಗ್ಗ ಹೊಸೆದಂತೆ ಇಡೀ ಮೈಯನ್ನೇ ತಿರುವಿ ಹರಿದುಕೊಂಡು, ಬಂದ ದಾರಿಯಲ್ಲೇ ಬಾಲ ಮುಂದಾಗಿ ಒಳಸರಿಯುತ್ತಿತ್ತು. ಆಕೆ ಅದರೊಡನೆ ಸಂತೆಯ ಸುದ್ದಿ ಹೇಳುತ್ತಿದ್ದಳು.

ನೆರೆಮನೆಯ ಶಿವಬಸಮ್ಮ ಕೊಡ ತುಂಬುತ್ತ, "ತಿರುಗಿ ಮಾತಾಡದವರನ್ನೇ ಹುಡುಕ್ಯಾಳ ನೋಡು, ಭಾಳ ಶ್ಯಾಣ್ಯಾಕಿ" ಎಂದು ನಕ್ಕಿದ್ದಳು.

ಸರ್ಕಾರಿ ಲೆಕ್ಕದ ಫಸಲಿ ವರ್ಷ ಸಾವಿರದ ಮುನ್ನೂರ ಐವತ್ತೊಂದರ ಬೇಸಿಗೆಯಲ್ಲಿ ಹೊಳೆ ಸೊರಗಿ ಮಡುಗಳಾಗಿ ಒಡೆಯಿತು. ಊರಿನ ಕಂದಾಯ ನೋಡುವ ಮಾಲಿಪಾಟೀಲನ ಪರವಾನಗಿ ಬಂತು. ಎಂಟು ದಿನಕ್ಕೆ ಮಡು ಬಡಿಯುವುದೆಂದು ಗೊತ್ತಾಯಿತು. ಅಂದು ಗಂಡಸರು ಬಲೆ ಹಿಡಿದು ನೀರಿಗಿಳಿದರೆ, ಮನೆಗೊಬ್ಬ ಹೆಂಗಸು ಬಂಡೆಯ ಮೇಲೆ ನಿಂತು ಕಲ್ಲು ಕುಟ್ಟಬೇಕು. ಸದ್ದಿಗೆ ಬೆದರಿದ ಮೀನು ಬಲೆಗೆ ಓಡುತ್ತದೆ. ಸೀಳುಗಳಲ್ಲಿರುವ ಬೇರೆ ಹಾವುಮೀನುಗಳು ಮಾತ್ರ ಇನ್ನಷ್ಟು ಆಳಕ್ಕೆ ಸರಿದು ಉಳಿಯುತ್ತವೆ. ಲಾಲಮ್ಮನದು ಬೆದರುವುದಿಲ್ಲ, ಹೊರಬರುತ್ತದೆ. ಅದಕ್ಕೆ ಹಾಗೆ ಕಲಿಸಿದವಳು ತಾನೇ.

ಸೂಗಪ್ಪನಲ್ಲಿಗೆ ಹೋಗಿ, ಆ ಬಂಡೆಯೊಂದನ್ನು ಬಿಡಲು ಕೇಳಿದಳು. ಅವನು ಬಲೆಯ ಗಂಟು ಬಿಗಿಯುತ್ತಲೇ ಅಂದ: "ಮಡು ಊರಿಂದು, ಅತ್ತಿಗಿ. ಇವತ್ತು ನಿಂದೊಂದು ಬಿಟ್ಟರ, ನಾಳಿ ಒಬ್ಬೊಬ್ಬರು ಒಂದೊಂದು ಮೀನಿಗಿ ಹೆಸರಿಟ್ಟು ಕುಂದರತಾರ."

ಮರುದಿನ ಆಕೆ ಬಿದಿರಿನ ಗಳುವೊಂದನ್ನು ಹಿಡಿದು ಬಂಡೆಗೆ ಹೋದಳು. ಮೂರು ಪೆಟ್ಟು ಕುಟ್ಟಿದಳು. ಹಾವುಮೀನು ಬಂತು. ಗಳುವಿನಿಂದ ಅದರ ತಲೆಗೆ ತಿವಿದಳು. ಅದು ಒಳಸೇರಿತು; ಮತ್ತೆ ಕುಟ್ಟಿದಾಗ ಮತ್ತೆ ಬಂತು. ಮತ್ತೆ ತಿವಿದಳು. ಮೂರನೆಯ ದಿನ ರೆಕ್ಕೆಯ ಬಳಿ ಗಾಯವಾಗಿ ನೀರಿನಲ್ಲಿ ನೆತ್ತರಿನ ಎಳೆ ಕಂಡಿತು. ಅಂದು ಆಕೆ ಒಲೆ ಹಚ್ಚಲಿಲ್ಲ. ಐದನೆಯ ದಿನ ಮೂತಿಯಷ್ಟೇ ಕಂಡಿತು. ಏಳನೆಯ ದಿನ ಎಷ್ಟು ಕುಟ್ಟಿದರೂ ಸೀಳು ಖಾಲಿಯಂತೆಯೇ ಇತ್ತು.

ಮಡು ಬಡಿಯುವ ಬೆಳಿಗ್ಗೆ ಲಾಲಮ್ಮ ಎಲ್ಲರಂತೆ ಸಾಲಿನಲ್ಲಿ, ತನ್ನ ಬಂಡೆಯ ಮೇಲೆ ನಿಂತಳು. ಎಲ್ಲರಂತೆ ಕಲ್ಲು ಕುಟ್ಟಿದಳು. ಕಣ್ಣು ಮಾತ್ರ ಸೀಳಿನ ಮೇಲಿತ್ತು. ಬಾಳೆಮೀನು, ಕುಚ್ಚುಮೀನು ಬಲೆ ತುಂಬಿದವು. ಸೀಳಿನಿಂದ ಏನೂ ಹೊರಬರಲಿಲ್ಲ. ಸೂಗಪ್ಪ ಬಗ್ಗಿ, ತೋಳುದ್ದ ಕೈಹಾಕಿ ತಡಕಾಡಿ, ಬರಿಗೈ ತೆಗೆದ.

"ಇಲ್ಲ ಬಿಡು, ಅತ್ತಿಗಿ. ಎಲ್ಲೋ ಹೋಗ್ಯಾದ."

"ಹೌದು, ಹೋಗ್ಯಾದ," ಎಂದಳು ಲಾಲಮ್ಮ.

ದಂಡೆಯೆಲ್ಲ ಖಾಲಿಯಾದ ಮೇಲೆ ಆಕೆ ಒಬ್ಬಳೇ ಕುಳಿತು ಅಂದಿನ ಮೀನು ಸೀಳಿದಳು. ಕರುಳನ್ನು ಸೀಳಿನ ಬಾಯಲ್ಲಿಟ್ಟಳು. ಕುಟ್ಟಲು ಎತ್ತಿದ ಕಲ್ಲನ್ನು ಹಾಗೇ ಕೆಳಗಿಟ್ಟಳು. ಬೆಳಿಗ್ಗೆ ನೋಡಿದಾಗ ಕರುಳು ಇರಲಿಲ್ಲ. ಅಲ್ಲಿ ಏಡಿಗಳೂ ಬಹಳವಿದ್ದವು. ಮೃಗಶಿರಾ ಮಳೆಯ ಕೆಂಪು ನೀರು ಬಂದು ಬಂಡೆ ಮುಳುಗುವವರೆಗೂ ಲಾಲಮ್ಮ ದಿನವೂ ಅಲ್ಲಿ ಕರುಳಿಟ್ಟು, ಸಂತೆಯ ಸುದ್ದಿ ಹೇಳದೆ ಎದ್ದು ಬರುತ್ತಿದ್ದಳು.