ನೆತ್ತಿಯ ಮೇಲಿನ ಮಣ್ಣು

ಗಂಧಕದ ಘಾಟು, ಅದರ ಜೊತೆಗೆ ಬಿಸಿಯಾದ ಹಸಿಮಣ್ಣಿನ ವಾಸನೆ... ನ್ಯೂಜಿಲೆಂಡಿನ ಆ ಜ್ವಾಲಾಮುಖಿ ಬೆಟ್ಟದ ಬುಡದಲ್ಲಿ ಬಸ್ಸಿಳಿದ ಕೂಡಲೇ ಮೂಗಿಗೆ ಅಡರಿದ್ದು ಅದು. ನಮ್ಮದು ನಿವೃತ್ತ ಮೇಷ್ಟರು, ಮೇಡಮ್ಮುಗಳ ಪ್ರವಾಸದ ತಂಡ. ಎಲ್ಲರೂ ಮೂಗು ಮುಚ್ಚಿಕೊಂಡೇ ಫೋಟೋಕ್ಕೆ ನಿಂತರು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅಂತಾರಲ್ಲ, ಹತ್ತಿರ ಹೋದರೆ ಬರೀ ಕರೀಕಲ್ಲು, ಹೊಗೆ. ಆ ರಾಷ್ಟ್ರೀಯ ಉದ್ಯಾನವನ್ನು ತೋರಿಸಲು ಬಂದಾತ ಆ ನೆಲದ ಮೂಲನಿವಾಸಿ, ಮಾವೊರಿ ಜನಾಂಗದವ. ಮೊದಲು ಬೆಟ್ಟಕ್ಕೆ ಮುಖ ಮಾಡಿ ತನ್ನ ಭಾಷೆಯಲ್ಲಿ ಪ್ರಾರ್ಥನೆ ಹೇಳಿದ. ಅಲ್ಲಿನ ಅಧಿಕಾರಿ ಟೋಪಿ ತೆಗೆದು, ಆತ ಮುಗಿಸುವ ತನಕ ಹಿಂದೆ ನಿಂತಿದ್ದ. ಆಮೇಲೆ ಆತ ಹಬೆಯಾಡುವ ಮಣ್ಣನ್ನು ಒಂದು ಹಿಡಿ ಎತ್ತಿ ತೋರಿಸಿ, ಎತ್ತಿದಲ್ಲೇ ಮರಳಿ ಇಟ್ಟ. ಇಲ್ಲಿಂದ ಒಂದು ಕಲ್ಲನ್ನೂ ಒಯ್ಯಬೇಡಿ, ಈ ಬೆಟ್ಟ ನಮ್ಮ ಹಿರಿಯರು ಎಂದ. ನನಗೆ ನಮ್ಮೂರ ಕುಳವಾಡಿ ನೆನಪಾದರು.

ಮಲ್ಲಿಪಟ್ಟಣದಾಚೆ ನಮ್ಮೂರು. ಐವತ್ತರ ದಶಕದ ಕೊನೆಯಿರಬೇಕು, ನಾನಾಗ ಹತ್ತೋ ಹನ್ನೊಂದೋ ವರ್ಷದ ಹುಡುಗಿ. ಕುಳವಾಡಿ ಅಂದರೆ ಊರಾಚೆಯ ಕೇರಿಯ ಹಿರಿಯರು, ಕಂದಾಯದ ದಿನ ಊರಿಗೆಲ್ಲ ಸಾರುವವರು. ತಾತನ ವಯಸ್ಸಿನ ಅವರನ್ನು ನಾನು ‘ಲೋ’ ಅಂತಲೇ ಕರೆಯುತ್ತಿದ್ದೆ. ಈಗ ‘ಅವರು’ ಎಂದು ಬರೆಯುವಾಗ ನಾಚಿಕೆಯಾಗುತ್ತದೆ. ಅವರು ನಮ್ಮ ಜಗಲಿ ಮೆಟ್ಟುವಂತಿರಲಿಲ್ಲ. ಆದರೆ ಗಡಿ ತಕರಾರು ಬಂದರೆ ಮಾತ್ರ ಇಡೀ ಊರು ಅವರ ಹಿಂದೆ. ಈ ನೆಲಕ್ಕೆ ಮೊದಲು ಬಂದವರು ಅವರ ಹಿರಿಯರು ಎಂಬ ನಂಬಿಕೆ ಅದು. ಉಪವಾಸವಿದ್ದು, ಮಿಂದು, ತಕರಾರಿನ ಹೊಲದ ಹಸಿಮಣ್ಣಿನ ಉಂಡೆಯನ್ನು ನೆತ್ತಿಯ ಮೇಲಿಟ್ಟುಕೊಂಡು ಮಾತಿಲ್ಲದೆ ನಡೆಯಬೇಕು. ಅವರು ನಡೆದದ್ದೇ ಗಡಿ. ಸುಳ್ಳು ಹೆಜ್ಜೆ ಇಟ್ಟರೆ ಉಂಡೆ ಒಡೆಯುತ್ತದೆ, ನಡೆದವನ ವಂಶ ಉಳಿಯುವುದಿಲ್ಲ ಅನ್ನುತ್ತಿದ್ದರು.

ಹಳ್ಳದಾಚೆಯ ಹೊಲಕ್ಕೆ ಪಕ್ಕದೂರಿನವರಿಗೂ ನಮ್ಮಪ್ಪನಿಗೂ ಜಗಳ ಬಿತ್ತು. ಅದು ನಮ್ಮದಲ್ಲ ಅಂತ ಅಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ನಡೆಯುವ ಹಿಂದಿನ ದಿನ ಕುಳವಾಡಿಯವರನ್ನು ಕರೆಸಿದ. ಅವರು ಅಂಗಳದಲ್ಲಿ ನಿಂತಿದ್ದರು, ನಾನು ಜಗಲಿಯ ಕಂಬ ಹಿಡಿದು ಎಲ್ಲ ಕೇಳಿಸಿಕೊಂಡೆ.

“ನಾಳೆ ಹಳ್ಳ ದಾಟಿ ಹುಣಸೆಮರದ ತನಕ ನಡೀಬೇಕು ಕಣ್ಲಾ” ಎಂದ ಅಪ್ಪ.

“ಅದೆಂಗಾದಾದು ಬುದ್ದಿ? ತಾತ್ನೋರ ಕಾಲ್ದಿಂದ್ಲೂ ಹಳ್ಳವೇ ಗಡಿ. ಮಣ್ಣು ನೆತ್ತಿ ಮ್ಯಾಲೆ ಕೂತ್ಮೇಲೆ ಕಾಲು ನನ್ನ ಮಾತ್ ಕೇಳಾಕಿಲ್ಲ.”

“ನಿಮ್ಮ ಕೇರಿ ಗುಡ್ಲೆಲ್ಲ ಯಾರ ನೆಲದ ಮ್ಯಾಲವೆ, ಗ್ಯಾನ ಐತಾ? ಈ ಮಳೇಲಿ ಮಕ್ಳು ಮರಿ ಕಟ್ಕಂಡು ಎಲ್ಲಿಗೋಯ್ತೀರ?”

ಅವರು ಹೆಗಲ ವಸ್ತ್ರದಿಂದ ಮುಖ ಒರೆಸಿಕೊಂಡು ಹೊರಟುಹೋದರು.

ಮಾರನೆಯ ಬೆಳಗ್ಗೆ ಎರಡೂ ಊರು ನೆರೆದಿತ್ತು. ನೆತ್ತಿಯ ಮೇಲೆ ಉಂಡೆ ಹೊತ್ತ ಕುಳವಾಡಿಯವರು ಹಳ್ಳದ ಅಂಚಿಗೆ ಬಂದು ನಿಂತುಬಿಟ್ಟರು. ಎಷ್ಟು ಹೊತ್ತೋ... ಅಪ್ಪ ಒಮ್ಮೆ ಕೆಮ್ಮಿದ. ಅವರು ಹಳ್ಳಕ್ಕಿಳಿದರು, ಆಚೆ ದಡ ಹತ್ತಿದರು, ಹುಣಸೆಮರದ ಬುಡ ಮುಟ್ಟಿದರು. ಉಂಡೆ ಒಡೆಯಲಿಲ್ಲ. ನಮ್ಮೂರವರು ಕೇಕೆ ಹಾಕಿದರು. ಕುಳವಾಡಿ ನಡೆದ ಮೇಲೆ ಎದುರಾಡುವಂತಿಲ್ಲ. ಪಕ್ಕದೂರಿನವರು ಮಣ್ಣಿಗೆ ಕೈಮುಗಿದು ಹೋದರು. ಎಲ್ಲ ಗೊತ್ತಿದ್ದ ನಾನೂ ಕುಣಿದೆ. ಥೂ, ನನ್ನ ಬುದ್ಧಿಗಿಷ್ಟು!

ಮಧ್ಯಾಹ್ನ ಅವ್ವ, ಕುಳವಾಡಿಗೆ ಊಟ ಕೊಟ್ಟು ಬಾ ಎಂದು ಕಳಿಸಿದಳು. ಅವರಿನ್ನೂ ಆ ಮರದ ಕೆಳಗೇ ಕೂತಿದ್ದರು. ಉಂಡೆ ತೊಡೆಯ ಮೇಲಿತ್ತು. ಅದನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

“ಒಡೀಲಿಲ್ವಲ್ಲವ್ವಾ...” ಎಂದರು. “ಒಡೆದೋಯ್ತದೆ, ನಿಜ ಎಲ್ರಿಗೂ ಗೊತ್ತಾಯ್ತದೆ ಅಂದ್ಕಂಡೇ ಹಳ್ಳ ದಾಟ್ದೆ. ಮಣ್ಣೂ ನಿಮ್ಮಪ್ಪಂಗೆ ಎದ್ರುಕಂಡ್ತು ಕಣವ್ವ.”

ಊಟ ಮುಟ್ಟಲಿಲ್ಲ. ಕೇರಿಯ ಗುಡಿಸಲುಗಳು ಉಳಿದವು. ಅವರು ಮತ್ತೆಂದೂ ಯಾವ ಗಡಿಗೂ ನಡೆಯಲಿಲ್ಲ. ಕರೆಯಲು ಹೋದವರಿಗೆ ಮೊಣಕಾಲು ನೋವು ಅನ್ನುತ್ತಿದ್ದರಂತೆ.

ಆ ಹೊಲದಲ್ಲಿ ಹೊಗೆಸೊಪ್ಪು ಬೆಳೆದು ಅಪ್ಪ ನನ್ನನ್ನು ಹಾಸನದಲ್ಲಿ ಓದಿಸಿದ. ಮೊನ್ನೆ ಮೊನ್ನೆ ಅದನ್ನು ಮಾರಿದಾಗ ನನಗೆ ಬಂದ ಪಾಲಿನಲ್ಲೇ ನಾನು ಜ್ವಾಲಾಮುಖಿ ನೋಡಲು ಹೋದದ್ದು. ಸಮುದ್ರ ದಾಟಿ ಯಾರದೋ ಹಿರಿಯರಿಗೆ ಕೈಮುಗಿದು ಬಂದೆ. ನಮ್ಮೂರ ಹಿರಿಯರಿಗೆ ಬದುಕಿದ್ದಾಗ ಒಂದು ದಿನವೂ ಕೈಮುಗಿಯಲಿಲ್ಲ.

ಊರಿಗೆ ಮರಳಿದ ಮೇಲೆ ಮನಸ್ಸು ತಡೆಯದೆ ಅರಕಲಗೂಡಿಗೆ ಹೋದೆ. ಕುಳವಾಡಿಯವರ ಮೊಮ್ಮಗ ಅಲ್ಲಿ ಸರ್ಕಾರಿ ಕೆಲಸದಲ್ಲಿದ್ದಾರೆ. ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ಅಜ್ಜನದೊಂದು ಮಸುಕು ಫೋಟೋ. ಎಲ್ಲ ಹೇಳಿಬಿಡಬೇಕು ಅಂತಲೇ ಹೋಗಿದ್ದೆ. ಅವರು ಕುರ್ಚಿ ಹಾಕಿ, ಕಾಫಿ ಕೊಟ್ಟು, ತಾವೇ ಮಾತು ತೆಗೆದರು.

“ಸತ್ಯ ಅಂದ್ರೆ ನಮ್ಮಜ್ಜ ಅಂತಿದ್ರು ಮೇಡಂ, ಸುತ್ತೂರಲ್ಲೆಲ್ಲ. ನನ್ ಮಕ್ಳಿಗೂ ಅದನ್ನೇ ಹೇಳ್ಕೊಡ್ತೀನಿ. ಒಂದು ಮಾತ್ರ ತಿಳೀಲಿಲ್ಲ. ಸಾಯಾಗ, ‘ಗುಂಡಿಗಿಳಿಸ್ದಾಗ ಮೊದ್ಲು ನೆತ್ತಿ ಮ್ಯಾಲೆ ಚಪ್ಪಡಿ ಮಡಗಿ, ಆಮ್ಯಾಕೆ ಮಣ್ಣಾಕಿ. ಮಣ್ಣು ನನ್ ತಲೆ ಮುಟ್ಟಬಾರ್ದು’ ಅಂದ್ರಂತೆ. ಹಂಗೇ ಮಾಡುದ್ರು. ಯಾಕಂತ ನಿಮಗೇನಾದ್ರೂ ಗೊತ್ತಾ?”

“ಗೊತ್ತಿಲ್ಲಪ್ಪಾ” ಅಂದೆ.

ಅಜ್ಜನ ಹೆಸರು ಉಳಿಯಲಿ ಅಂತಲೋ, ನಮ್ಮಪ್ಪನ ಮಾನ ಹೋಗದಿರಲಿ ಅಂತಲೋ... ಇವತ್ತಿಗೂ ನನಗೆ ತಿಳಿಯದು. ಕಾಫಿ ಪೂರ್ತಿ ಕುಡಿದು ಎದ್ದೆ. ಆ ಮೊಮ್ಮಗ ಬಸ್‌ಸ್ಟ್ಯಾಂಡಿನ ತನಕ ಬಂದು, ನೂಕುನುಗ್ಗಲಿನಲ್ಲಿ ಹತ್ತಿ, ನನಗೊಂದು ಸೀಟು ಹಿಡಿದುಕೊಟ್ಟರು.