ನಾಲೆ ಏರಿಯ ಮೇಲೆ ಗಟ್ಟಿ ಓದು

ಗಂಟೆ ಹೊಡೆದ ಕೂಡಲೇ ವಸತಿ ಶಾಲೆಯ ಉದ್ದನೆಯ ಕೋಣೆಯಲ್ಲಿದ್ದ ಹುಡುಗಿಯರೆಲ್ಲ ಪುಸ್ತಕ ತೆರೆದು ಬಾಯಿ ಮುಚ್ಚಿದರು. ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಯಾರಿಗೋ ಏನೋ ಆಗಿದೆ, ನನಗೊಬ್ಬಳಿಗೇ ಹೇಳಿಲ್ಲ ಅಂದುಕೊಂಡೆ. ಪಕ್ಕದವಳನ್ನು ಕೇಳಿದರೆ, ತುಟಿಯ ಮೇಲೆ ಬೆರಳಿಟ್ಟು ಗೋಡೆಯ ಮೇಲಿನ ವೇಳಾಪಟ್ಟಿ ತೋರಿಸಿದಳು. ಅದು ಓದಿನ ಗಂಟೆಯಂತೆ.

ನನ್ನ ಹಾಗೆ ಬಿಜಾಪುರದ ಕಡೆಯವರಾದರೆ ನಿಮಗೆ ನನ್ನ ಗಾಬರಿ ಅರ್ಥವಾಗುತ್ತದೆ. ನಮ್ಮಲ್ಲಿ ಓದು ಅಂದರೆ ದನಿ. ಪಡಸಾಲೆಯಲ್ಲಿ ಓದುವವರ ದನಿ ನಿಂತರೆ ನಿದ್ದಿ ಹತ್ತಿತೇನು ಅಂತ ಒಳಗಿಂದ ಕೇಳುತ್ತಾರೆ. ಇಲ್ಲಿ ಹಾಗಲ್ಲ, ದನಿ ಬಂತೆಂದರೇ ಅನುಮಾನ.

ರೈಲು ಹಳಿ ಅಗಲ ಮಾಡುವ ಕೆಲಸಕ್ಕೆ ಅಪ್ಪ ಈ ಕಡೆ ಬಂದಿದ್ದರು. ಅವ್ವ ಅವರ ಜೊತೆ ಅಕ್ಕಿಹೆಬ್ಬಾಳಿನ ಹತ್ತಿರ ತಗಡಿನ ಶೆಡ್ಡಿನಲ್ಲಿದ್ದಳು. ಹಳಿ ಮುಂದೆ ಹೋದಂತೆ ಶೆಡ್ಡೂ ಹೋಗುತ್ತದೆ. ಅದಕ್ಕೇ ಒಂಬತ್ತನೆಯ ತರಗತಿಗೆ ನನ್ನನ್ನು ಪಾಂಡವಪುರದ ಹತ್ತಿರದ ಈ ವಸತಿ ಶಾಲೆಗೆ ಹಾಕಿದರು. ಮೊದಲ ದಿನ ಅಡುಗೆಯಮ್ಮ "ಇಲ್ಲೇ ಕೂತ್ಬುಡವ್ವ" ಅಂದಾಗ ಯಾವ ಮರದ ಬುಡ ಅಂತ ಸುತ್ತ ನೋಡಿದೆ. ಇವರಿಗೆ 'ಬಿಡು' ಅನ್ನುವುದೇ 'ಬುಡು'. ರೊಟ್ಟಿ ಇಲ್ಲದ ಊಟ ಊಟವೇ ಅಲ್ಲ ಅನ್ನಿಸುತ್ತಿತ್ತು. ಹಾಗೇ ನುಂಗಬೇಕಾದ ಮುದ್ದೆಯನ್ನು ನಾನು ಅಗಿಯುವುದನ್ನು ಹುಡುಗಿಯರು ಕಳ್ಳತನ ಕಂಡವರ ಹಾಗೆ ನೋಡುತ್ತಿದ್ದರು.

ಮೌನವಾಗಿ ಓದಿದ್ದು ತಲೆಗೆ ಹತ್ತಲಿಲ್ಲ. ನಲ್ಲಿಯ ಸರದಿ, ಬಟ್ಟೆ ಒಗೆಯುವುದು, ಪ್ರಾರ್ಥನೆ, ಪಾಠ ಎಲ್ಲ ಮುಗಿದು ನನ್ನದು ಅಂತ ಉಳಿಯುತ್ತಿದ್ದದ್ದು ಸಂಜೆಯ ಆಟದ ವೇಳೆ ಒಂದೇ. ಆ ಹೊತ್ತಿನಲ್ಲಿ ಶಾಲೆಯ ಹಿಂದಿನ ನಾಲೆ ಏರಿಯ ಮೇಲೆ ಅತ್ತಿತ್ತ ನಡೆಯುತ್ತ ಗಟ್ಟಿಯಾಗಿ ಓದತೊಡಗಿದೆ. ಎದುರಿಗೆ ಊರಿನ ಮಾಸ್ತರು ಕೂತು ಪ್ರಶ್ನೆ ಕೇಳಿದಂತೆ, ನಾನು ಉತ್ತರ ಕೊಟ್ಟಂತೆ. ಕಿರುಪರೀಕ್ಷೆಯಲ್ಲಿ ಸಮಾಜ ವಿಜ್ಞಾನದಲ್ಲಿ ನನಗೇ ಎಲ್ಲರಿಗಿಂತ ಹೆಚ್ಚು ಅಂಕ ಬಂತು. ಓದಿನ ಗಂಟೆಯಲ್ಲಿ ಕಿಟಕಿ ನೋಡುತ್ತ ಕೂರುವವಳಿಗೆ ಇಷ್ಟು ಅಂಕ ಎಲ್ಲಿಂದ ಅನ್ನುವ ಗುಸುಗುಸು ಶುರುವಾಯಿತು.

ಸಿಂಧಘಟ್ಟದ ಜಯಲಕ್ಷ್ಮಿ ನನ್ನ ಪಕ್ಕದ ಹಾಸಿಗೆಯವಳು. ಒಂದು ಸಂಜೆ ನನ್ನ ಹಿಂದೆಯೇ ಬಂದು ಲಂಟಾನದ ಮರೆಯಲ್ಲಿ ನಿಂತಿದ್ದಳಂತೆ. ಅವಳಿಗೆ ಕೇಳಿಸಿದ್ದು, "ತಡೀರಿ, ಇನ್ನೊಮ್ಮೆ ಹೇಳ್ತೀನ್ರಿ. ಸಿಟ್ಟಾಗಬ್ಯಾಡ್ರಿ." ನಮ್ಮಲ್ಲಿ ರೀ ಅನ್ನದೆ ಯಾರ ಜೊತೆ ಮಾತಾಡುತ್ತೇವೆ? ಇಲ್ಲಿ ಹೆಂಗಸರು ರೀ ಅನ್ನುವುದು ಗಂಡನಿಗೆ. ಜಯ ನೇರವಾಗಿ ವಾರ್ಡನ್ ಮೇಡಂ ಹತ್ತಿರ ಹೋಗಿ, ಬಿಜಾಪುರದೋಳು ನಾಲೆ ಹತ್ತಿರ ಯಾವನ ಜೊತೆಗೋ ಮಾತಾಡ್ತಾಳೆ ಅಂದಳು.

ಓದುತ್ತಿದ್ದೆ ಅಂತ ನಾನು ಎಷ್ಟು ಹೇಳಿದರೂ ಮೇಡಂ ನಂಬಲಿಲ್ಲ. ಅಪ್ಪನಿಗೆ ಹೇಳಿಕಳಿಸಿದರು, ಟಿ.ಸಿ. ಕೊಟ್ಟು ಕಳಿಸುವ ಮಾತೂ ಕಿವಿಗೆ ಬಿತ್ತು. ಅಪ್ಪ ಕೆಲಸದ ಅಂಗಿಯಲ್ಲೇ ಬಂದು, ಕುರ್ಚಿ ತೋರಿಸಿದರೂ ಕೂರದೆ ನಿಂತರು. ಸಾಕ್ಷಿ ಹೇಳಲು ಜಯ ಗೋಡೆಗೆ ಒರಗಿಕೊಂಡಿದ್ದಳು. ಮೇಡಂ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಅಪ್ಪ ಅಂದರು:

"ಆಕಿ ಸಣ್ಣಾಕಿ ಇದ್ದಾಗಿಂದ ಗಟ್ಟ್ಯಾಗಿ ಓದತಾಳ್ರಿ. ಮಾಸ್ತರು ಕೇಳ್ದಂಗ, ತಾನು ಹೇಳ್ದಂಗ. ಬ್ಯಾರೆ ಏನಿಲ್ರಿ ಮೇಡಂ. ಸಿಟ್ಟಾಗಬ್ಯಾಡ್ರಿ."

ಬಾಗಿಲ ಹೊರಗಿದ್ದ ಹುಡುಗಿಯರು ಕಿಸಕ್ಕನೆ ನಕ್ಕರು. ಜಯ ನಗಲಿಲ್ಲ. ಅಪ್ಪನ ಬಾಯನ್ನೇ ನೋಡುತ್ತಿದ್ದವಳು ಮೆಲ್ಲಗೆ ಅಂದಳು, "ಮೇಡಂ, ಆವತ್ತು ಕೇಳಿದ್ದೂ ಇಂಗೇಯ. ಇವ್ರ ಮಾತೇ ಇಂಗೆ."

ಮೇಡಂ ನನ್ನಿಂದ ಒಂದು ಪಾಠ ಒಪ್ಪಿಸಿಕೊಂಡರು. ಆಮೇಲೂ ಪೂರ್ತಿ ನಂಬಿದಂತೆ ಕಾಣಲಿಲ್ಲ. ಗಟ್ಟಿಯಾಗಿ ಓದಬಹುದು, ಆದರೆ ನಾಲೆಯ ಕಡೆ ಹೋಗಕೂಡದು, ತಮ್ಮ ಕಣ್ಣೆದುರು ಜಗಲಿಯ ಮೇಲೇ ಓದಬೇಕು ಅಂದರು. ನಾನು ಗೆದ್ದೆ ಅಂದುಕೊಂಡು ಗೇಟಿನ ತನಕ ಅಪ್ಪನ ಜೊತೆ ಹೋದೆ. ಅಲ್ಲಿ ಅವರು ದನಿ ತಗ್ಗಿಸಿ ಕೇಳಿದರು:

"ಖರೇ ಹೇಳು. ಯಾರೂ ಇರಲಿಲ್ಲಲ್ಲ?"

ಇಲ್ಲ ಅಂದೆ. ಬಸ್ಸು ಬಂತು, ಹತ್ತಿ ಹೋದರು. ಊರಿನಿಂದ ಇಷ್ಟು ದೂರ ಬಂದಿದ್ದೇವೆ ಅನ್ನುವುದು ನನಗೆ ಸರಿಯಾಗಿ ತಿಳಿದದ್ದು ಆ ಹೊತ್ತಿಗೆ.

ಜಗಲಿಯ ಮೇಲೆ ಓದಿದ್ದು ತಲೆಯಲ್ಲಿ ನಿಲ್ಲಲಿಲ್ಲ. ಯಾರಾದರೂ ನೋಡುತ್ತಿದ್ದರೆ ನನಗೆ ವಾಕ್ಯ ಮರೆಯುತ್ತದೆ. ಕೆಲವು ದಿನ ಕಳೆದ ಮೇಲೆ ಜಯ ತಾನಾಗಿ ಬಂದು ಎದುರಿಗೆ ಕೂತಳು. ತಪ್ಪಾಯಿತು ಅಂತೇನೂ ಅನ್ನಲಿಲ್ಲ. ನನ್ನ ಕೈಯಿಂದ ಪುಸ್ತಕ ಕಿತ್ತುಕೊಂಡು, "ಏಳು, ನೋಡ್ತೀನಿ" ಅಂದಳು. ಹೇಳು ಅನ್ನುವುದಕ್ಕೆ ಇವರು ಏಳು ಅನ್ನುತ್ತಾರೆ ಅಂತ ಗೊತ್ತಿದ್ದೂ ನಾನು ಎದ್ದು ನಿಂತುಬಿಟ್ಟೆ. ಇಬ್ಬರೂ ನಕ್ಕೆವು. ಅವಳದು ಯಾವುದನ್ನೂ ನಂಬದ ಸ್ವಭಾವ. ಪ್ರತಿ ಉತ್ತರಕ್ಕೂ, "ಸುಳ್ಳು ಕಣೆ, ಯಾಕಂಗೆ?" ಅನ್ನುವಳು. ಅವಳನ್ನು ಒಪ್ಪಿಸಲು ಹೋಗಿ, ಬರೀ ಬಾಯಿಪಾಠ ಮಾಡಿದ್ದ ಎಷ್ಟೋ ಸಂಗತಿಗಳು ನನಗೆ ಮೊದಲ ಸಲ ಅರ್ಥವಾದವು. ಲೆಕ್ಕದಲ್ಲಿ ನಾನು ಅವಳನ್ನು ಹಾಗೇ ಕಾಡಿದೆ. ಆಟದ ವೇಳೆಯ ಆ ಜಗಳದಿಂದಲೇ ಇಬ್ಬರೂ ಎಸ್ಸೆಸ್ಸೆಲ್ಸಿ ದಾಟಿದೆವು. ಆದರೂ ನನ್ನ ಪೆಟ್ಟಿಗೆಗೆ ನಾನು ಬೀಗ ಹಾಕುವುದನ್ನು ಬಿಡಲಿಲ್ಲ, ಅವಳೂ ಬಿಡಲಿಲ್ಲ.

ಹಳಿಯ ಕೆಲಸ ಮುಗಿದು ಅಪ್ಪ ಅವ್ವ ಊರಿಗೆ ಮರಳಿದರು. ನಾನು ಕೆ.ಆರ್. ಪೇಟೆಯಲ್ಲಿ ಪಿಯುಸಿಗೆ ಉಳಿದುಕೊಂಡೆ. ಈ ಬೇಸಿಗೆಯಲ್ಲಿ ಮನೆಗೆ ಹೋದಾಗ, ಪುಸ್ತಕ ಹಿಡಿದು ಕೂತಿದ್ದ ನನ್ನನ್ನು ದೊಡ್ಡವ್ವ ಬಹಳ ಹೊತ್ತು ನೋಡಿ, "ಓದಾಕತ್ತೀಯೋ, ಮಂತ್ರ ಹಾಕಾಕತ್ತೀಯೋ?" ಅಂತ ಕೇಳಿದಳು. ಕೆ.ಆರ್. ಪೇಟೆಯ ರೂಮಿನವರಿಗೂ ಇದೇ ಅನುಮಾನ. ಓದುವಾಗ ನನ್ನ ತುಟಿಗಳು ಆಡುತ್ತವಂತೆ, ದನಿ ಮಾತ್ರ ಬರುವುದಿಲ್ಲವಂತೆ.