ಪುಣೆಯ ಎರಡು ನಳ

ಪುಣೆಯ ವಾಕಡದಲ್ಲಿ ನಾವು ಹಿಡಿದ ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಅಕ್ಕಪಕ್ಕ ಎರಡು ನಳಗಳಿದ್ದವು. ಮಾಲೀಕರು ಬೀಗದ ಕೈ ಕೊಡುತ್ತ, ‘ಇದು ಪಿಣ್ಯಾಚಂ ಪಾಣಿ, ಅದು ವಾಪರಾಯಚಂ’ ಎಂದರು. ಒಂದು ಕುಡಿಯಲಿಕ್ಕೆ, ಇನ್ನೊಂದು ಬಳಸಲಿಕ್ಕೆ. ಕುಡಿಯುವುದು ಮಹಾನಗರಪಾಲಿಕೆಯದು, ಬಳಸುವುದು ಬೋರ್‌ವೆಲ್ಲು ಮತ್ತು ಟ್ಯಾಂಕರಿನದು. ನೀರಿನಲ್ಲೂ ಪಂಕ್ತಿಭೇದ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

ಹುಬ್ಬಳ್ಳಿಯವಳಿಗೆ ನೀರಿನ ಬೆಲೆ ಯಾರೂ ಕಲಿಸಬೇಕಿಲ್ಲ. ನಮ್ಮ ಓಣಿಯಲ್ಲಿ ನಳ ಬರುವುದೇ ವಾರಕ್ಕೊಮ್ಮೆ. ಬಂದ ದಿನ ಮದುವೆ ಮನೆಯ ಗಡಿಬಿಡಿ. ಕೊಡ, ಬಕೆಟ್ಟು, ಕುಕ್ಕರು, ಕಡೆಗೆ ಚಹಾದ ಪಾತೇಲಿಯೂ ತುಂಬಬೇಕು. ಅದೇ ರೂಢಿಯಲ್ಲಿ ಇಲ್ಲೂ ಮೊದಲ ದಿನವೇ ಕಂಡ ಪಾತ್ರೆಗಳನ್ನೆಲ್ಲ ತುಂಬಿಟ್ಟೆ. ಪಕ್ಕದ ಮನೆಯ ಕಾಕು ನೋಡಿ ನಕ್ಕೇ ನಕ್ಕರು. ‘ನೀರು ಎಲ್ಲಿಗೂ ಓಡಿಹೋಗೋದಿಲ್ಲ, ಮೊದಲು ಒಂದು ಆರ್‌ಒ ಹಾಕಿಸು’ ಎಂದು ಮರಾಠಿಯಲ್ಲಿ ಬುದ್ಧಿ ಹೇಳಿದರು.

ಈ ಆರ್‌ಒ ಯಂತ್ರ ಸಣ್ಣ ಪೊರೆಯೊಂದರ ಮೂಲಕ ನೀರನ್ನು ಒತ್ತಿ ಲವಣ ತೆಗೆಯುತ್ತದೆ. ಒಂದು ತಂಬಿಗೆ ಕುಡಿಯಲು ಕೊಟ್ಟು ಎರಡು ಮೂರು ತಂಬಿಗೆ ಮೋರಿಗೆ ಬಿಡುತ್ತದೆ. ಕೇಳಿಯೇ ನನ್ನ ಮೈ ಉರಿಯಿತು.

ಕಾಕು ಅಷ್ಟಕ್ಕೇ ಬಿಡದೆ ಯಂತ್ರ ಮಾರುವವನನ್ನೂ ಕಳಿಸಿದರು. ಅವನು ನಮ್ಮ ನಳದ ನೀರು ಒಂದು ಗ್ಲಾಸಿನಲ್ಲಿ, ತನ್ನ ಯಂತ್ರದ ನೀರು ಇನ್ನೊಂದರಲ್ಲಿ ಇಟ್ಟು, ಎರಡಕ್ಕೂ ಕರೆಂಟಿನ ಸರಳು ಇಳಿಸಿದ. ನಮ್ಮದು ಕೆಸರಿನ ಬಣ್ಣಕ್ಕೆ ತಿರುಗಿತು, ಅವನದು ತಿಳಿಯಾಗೇ ಉಳಿಯಿತು. ‘ಮಗು ಕುಡಿಯೋದು ಇದನ್ನೇ ನೋಡಿ ಮ್ಯಾಡಮ್’ ಎಂದ. ಹುಬ್ಬಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳ ಮುಂದೆ ಈ ಗಾರುಡಿ ಆಟ! ಅವನ ಯಂತ್ರದ ನೀರಿಗೆ ಚಿಟಿಕೆ ಉಪ್ಪು ಹಾಕಿ, ಮತ್ತೆ ಸರಳು ಇಳಿಸು ಎಂದೆ. ಅದೂ ಕೆಸರಾಯಿತು. ಉಪ್ಪಿದ್ದರೆ ಕರೆಂಟು ಹರಿಯುತ್ತದೆ; ಬಣ್ಣ ಬರುವುದು ಕರಗುವ ಸರಳಿನಿಂದ, ಹೊಲಸಿನಿಂದಲ್ಲ. ಪಾಲಿಕೆಯ ನೀರು ಮೊದಲೇ ಮೆದು, ಲವಣ ಕಡಿಮೆ, ಕುದಿಸಿ ಕುಡಿದರೆ ಸಾಕು, ಯಂತ್ರ ಬೇಡವೆಂದು ಅವನನ್ನು ಸಾಗಹಾಕಿದೆ. ಹೊಸ ಊರಿನಲ್ಲಿ ಅದೇ ನನ್ನ ಮೊದಲ ಗೆಲುವು.

ಬೇಸಿಗೆ ಬಂತು. ಚಹಾದ ಪಾತೇಲಿಯೊಳಗೆ ಸುಣ್ಣ ಬಳಿದ ಹಾಗೆ ಬಿಳಿ ಪೊರೆ. ಭೋಸರಿಯ ಕಾರ್ಖಾನೆಯಿಂದ ಬಂದು ಊಟಕ್ಕೆ ಕೂತ ನಮ್ಮವರು, ‘ಏನ ಬ್ಯಾಳಿ ಅದ ಇದು, ಬೆಂದs ಇಲ್ಲ, ಹಲ್ಲಿಗೆ ಹತ್ತತದ’ ಎಂದರು. ಅದೇ ವಾರ ಆರು ವರ್ಷದ ಮಗಳಿಗೆ ವಾಂತಿ, ಭೇದಿ. ನೀರಿನಿಂದಲೇ ಎಂದು ಡಾಕ್ಟರು ಹೇಳಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ.

ಸೊಸೈಟಿಯ ಸೆಕ್ರೆಟರಿಯನ್ನು ಕೇಳಿದೆ. ಆತ ಎಳ್ಳಷ್ಟೂ ಅಳುಕದೆ ಹೇಳಿದ: ಪಾಲಿಕೆಯ ನೀರು ಕಡಿಮೆಯಾಗಿದೆ, ಕುಡಿಯುವ ನೀರಿನ ಟಾಕಿಗೂ ಟ್ಯಾಂಕರ್ ನೀರನ್ನೇ ಬಿಡುತ್ತಿದ್ದೇವೆ. ನಮಗ್ಯಾಕೆ ತಿಳಿಸಲಿಲ್ಲ ಎಂದರೆ, ‘ಎಲ್ಲರ ಮನೆಯಲ್ಲೂ ಆರ್‌ಒ ಇದೆಯಲ್ಲ, ಯಾರದೂ ತಕರಾರಿಲ್ಲ’ ಎಂದ.

ನನ್ನ ಸಿಟ್ಟು ನೆತ್ತಿಗೇರಿತು. ಎಲ್ಲರೂ ತಮ್ಮ ತಮ್ಮ ಗೋಡೆಗೆ ಯಂತ್ರ ನೇತುಹಾಕಿಕೊಂಡು ಬಾಯಿ ಮುಚ್ಚಿಕೊಂಡರೆ ಟಾಕಿಯ ಕಡೆ ನೋಡುವವರು ಯಾರು? ನಮ್ಮ ಓಣಿಯಲ್ಲಿ ನಳ ತಪ್ಪಿದರೆ ಹೆಂಗಸರು ಖಾಲಿ ಕೊಡ ಹಿಡಿದು ರಸ್ತೆಗೆ ಇಳಿಯುತ್ತಾರೆ. ಇಲ್ಲಿ ಫೋನೆತ್ತಿ ಫಿಲ್ಟರ್ ಬದಲಿಸುವವನನ್ನು ಕರೆಯುತ್ತಾರೆ.

ರವಿವಾರದ ಮೀಟಿಂಗಿನಲ್ಲಿ ಎದ್ದು ನಿಂತೆ. ಮರಾಠಿಯಲ್ಲೇ ಶುರುಮಾಡಿದೆ, ಸಿಟ್ಟು ಬಂದಾಗ ಅದು ಕೈಕೊಟ್ಟಿತು. ‘ಗೇಟಿನ್ಯಾಗಿನ ವಾಚ್‌ಮನ್ ಮನಷ್ಯಾ ಅಲ್ಲೇನ್ರಿ? ಅಂವಾ ಯಾವ ಮಷಿನ್ ನೀರು ಕುಡೀತಾನ?’ ಎಂದು ಕನ್ನಡದಲ್ಲೇ ಕೂಗಿದೆ. ಸೆಕ್ರೆಟರಿ ನನ್ನತ್ತ ನೋಡದೆಯೇ, ‘ಇವರು ಭಾಡೇಕರು’ ಎಂದ. ಅಂದರೆ ಬಾಡಿಗೆಯವರು, ಮೀಟಿಂಗಿನಲ್ಲಿ ಬಾಯಿಲ್ಲದವರು. ಎಲ್ಲರೂ ಚಹಾಕ್ಕೆ ಎದ್ದರು.

ಹೊರಗೆ ಲಿಫ್ಟಿನ ಹತ್ತಿರ ಮೂರನೇ ಮಹಡಿಯ ಹಿರಿಯರೊಬ್ಬರು ಮೆಲ್ಲಗೆ, ‘ಖರೇ ಹೇಳಿದ್ರಿ ಅಕ್ಕಾರ. ನಾವೂ ಬೆಳಗಾವಿಯವರs’ ಎಂದರು.

‘ಒಳಗ ಯಾಕ ಹೇಳಲಿಲ್ರಿ?’

‘ಎಲ್ಲಾರೂ ಕೂಡಿ ಬಾಳೋದದ ನೋಡ್ರಿ. ಒಂದು ಮಷಿನ್ ಹಾಕ್ಸಿಬಿಡ್ರಿ, ಕೂಸಿನ ಜೀವಕ್ಕಿಂತ ಹೆಚ್ಚೇನು?’

ಅವರ ಕನ್ನಡ ಕಿವಿಗೆ ತವರಿನ ಹಾಗೆ ಹಿತವಾಗಿತ್ತು. ಅದಕ್ಕೇ ಇನ್ನೂ ಸಿಟ್ಟು ಬಂತು.

ಹಾಕಿಸಿದೆ. ಟ್ಯಾಂಕರಿನ ಗಡಸು ನೀರಿಗೆ ಅದು ಬೇಕೇ ಬೇಕು, ವಿಜ್ಞಾನ ಸುಳ್ಳು ಹೇಳುವುದಿಲ್ಲ. ಅದು ಉಗುಳುವ ನೀರನ್ನು ಬಕೆಟ್ಟಿಗೆ ಹಿಡಿದು ನೆಲ ಒರೆಸುತ್ತೇನೆ. ಬಕೆಟ್ಟು ತುಂಬಿ ಚೆಲ್ಲಿದಾಗೆಲ್ಲ ಇಡೀ ಸೊಸೈಟಿಗೆ ಶಾಪ ಹಾಕುತ್ತೇನೆ.

ಮೊನ್ನೆ ಹುಬ್ಬಳ್ಳಿಗೆ ಹೋಗಿದ್ದೆವು. ಅಂದೇ ನಳ ಬಂದಿತ್ತು. ಅಣ್ಣನ ಹೆಂಡತಿ, ನಮ್ಮ ವೈನಿ, ಹೊಸ ನೀರು ಸೋಸಿ, ತಂಬಿಗೆಯನ್ನು ಮೊದಲು ಮಗಳ ಕೈಗೇ ಕೊಟ್ಟಳು. ಮಗಳು ಒಳಗೆ ಇಣುಕಿ, ‘ಮಾಮಿ, ಇದು ಮಷಿನ್ ನೀರೇನ?’ ಎಂದಳು. ವೈನಿಯ ಮುಖ ಸಣ್ಣದಾಯಿತು. ‘ಇಲ್ಲವ್ವಾ, ನಳದ್ದು. ನಾವೆಲ್ಲಾ ಇದನ್ನs ಕುಡಿಯೋದು.’

ಮಗಳನ್ನು ಗದರಿದೆ. ತಂಬಿಗೆ ಇಸಿದುಕೊಂಡು ನಾನೇ ಗಟಗಟ ಕುಡಿದೆ. ವೈನಿ ಒಳಗೆ ಹೋದದ್ದೇ ತಡ, ಚೀಲದಿಂದ ಪುಣೆಯಲ್ಲಿ ಮಷಿನ್ ನೀರು ತುಂಬಿ ತಂದಿದ್ದ ಬಾಟಲಿ ತೆಗೆದು ಮಗಳ ಕೈಗಿಟ್ಟು, ‘ಲಗೂನ ಕುಡಿ’ ಎಂದೆ.